ಗೆಳತಿಯೊಂದಿಗೆ ವಿಯೆನ್ನಾದಲ್ಲಿ ಮೂರು ದಿನ: ಪದೇ ಪದೇ ಕೇಳುವ ಪ್ರಶ್ನೆಗಳು

ಕಾಲೇಜಿನ ದಿನಗಳಿಂದ ಜೊತೆಗಿರುವ ಗೆಳತಿಯೊಂದಿಗೆ ಒಂದು ಅಕ್ಟೋಬರ್ ತಿಂಗಳಲ್ಲಿ ಮೂರು ರಾತ್ರಿಗಳ ಮಟ್ಟಿಗೆ ಆಸ್ಟ್ರಿಯಾದ ರಾಜಧಾನಿ ವಿಯೆನ್ನಾಕ್ಕೆ ಹೋಗಿ ಬಂದ ಮೇಲೆ, ಅಂಥದೇ ಪ್ರವಾಸಕ್ಕೆ ಹೊರಟವರು ನನ್ನನ್ನು ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಿದ್ದೇನೆ. ಉತ್ತರಗಳೆಲ್ಲ ಇಬ್ಬರೇ ಹೋಗುವ, ನಾಲ್ಕು ದಿನ ಮೀರದ ಪ್ರವಾಸವನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದವು. ವಾರಗಟ್ಟಲೆ ಇರುವವರಿಗೆ ಅಥವಾ ಕುಟುಂಬದೊಂದಿಗೆ ಹೋಗುವವರಿಗೆ ಇವುಗಳಲ್ಲಿ ಕೆಲವು ಹೊಂದಲಾರವು.

ಇಷ್ಟು ಕಡಿಮೆ ದಿನಗಳಿಗೆ ವಿಯೆನ್ನಾವನ್ನೇ ಏಕೆ ಆರಿಸಬೇಕು?

ನೋಡಬೇಕಾದ ಬಹುಪಾಲು ಸ್ಥಳಗಳು ನಡೆದು ತಲುಪುವಷ್ಟು ಹತ್ತಿರದಲ್ಲಿವೆ ಎಂಬುದೇ ಮುಖ್ಯ ಕಾರಣ. ಹಳೆಯ ನಗರವನ್ನು ಸುತ್ತುವರಿದಿದ್ದ ಕೋಟೆಯ ಗೋಡೆಗಳನ್ನು ಕೆಡವಲು ಚಕ್ರವರ್ತಿ ಫ್ರಾನ್ಸ್ ಯೋಸೆಫ್ 1857ರಲ್ಲಿ ಆಜ್ಞೆ ಹೊರಡಿಸಿದನು, ಆ ಜಾಗದಲ್ಲಿ ನಿರ್ಮಿಸಿದ ರಿಂಗ್‌ಸ್ಟ್ರಾಸ ಎಂಬ ಅಗಲವಾದ ಬೀದಿ 1865ರಲ್ಲಿ ಉದ್ಘಾಟನೆಯಾಯಿತು. ಸುಮಾರು 5.3 ಕಿಲೋಮೀಟರ್ ಉದ್ದದ ಈ ಬೀದಿಯ ಇಕ್ಕೆಲಗಳಲ್ಲಿಯೇ ಸಂಗೀತ ನಾಟಕ (ಒಪೆರಾ) ಮಂದಿರ, ಸಂಸತ್ ಭವನ, ನಗರ ಸಭಾಭವನ, ವಿಶ್ವವಿದ್ಯಾಲಯ ಹಾಗೂ ಎರಡು ದೊಡ್ಡ ವಸ್ತುಸಂಗ್ರಹಾಲಯಗಳು ನಿಂತಿವೆ, ಅದರ ಒಳಗಿನ ಹಳೆಯ ನಗರವನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ಅರ್ಧ ಗಂಟೆಯಲ್ಲಿ ದಾಟಬಹುದು. ಮೂರು ದಿನಗಳಲ್ಲಿ ಪ್ರಯಾಣಕ್ಕೆ ಹೋಗುವ ಒಂದೊಂದು ಗಂಟೆಯೂ ನೋಡುವುದರಿಂದ ಕಳೆದುಹೋದ ಗಂಟೆಯೇ ಆದ್ದರಿಂದ, ನಗರದ ಈ ರಚನೆ ಬಹಳ ಉಪಕಾರಕ್ಕೆ ಬರುತ್ತದೆ.

ವೀಸಾಕ್ಕೆ ಇಬ್ಬರೂ ಸೇರಿ ಒಂದೇ ಅರ್ಜಿ ಹಾಕಬಹುದೇ?

ಇಲ್ಲ. ಭಾರತದ ಪಾಸ್‌ಪೋರ್ಟ್ ಇರುವವರಿಗೆ ಆಸ್ಟ್ರಿಯಾ ಪ್ರವೇಶಕ್ಕೆ ಷೆಂಗೆನ್ ವೀಸಾ, ಅಂದರೆ ಒಂದೇ ಪ್ರವೇಶ ವ್ಯವಸ್ಥೆಯಿರುವ ಯುರೋಪಿನ ದೇಶಗಳ ಗುಂಪಿನ ವೀಸಾ ಬೇಕು, ಅದಕ್ಕೆ ಪ್ರತಿಯೊಬ್ಬರೂ ಪ್ರತ್ಯೇಕವಾಗಿ ಅರ್ಜಿ ಸಲ್ಲಿಸಬೇಕು. ಆದರೆ ಎರಡೂ ಅರ್ಜಿಗಳಲ್ಲಿ ಪ್ರಯಾಣದ ದಿನಾಂಕಗಳು ಹೊಂದಿಕೆಯಾಗಿರಬೇಕು ಮತ್ತು ಕೊಠಡಿಯ ಮುಂಗಡ ಕಾಗದದಲ್ಲಿ ಇಬ್ಬರ ಹೆಸರೂ ಪಾಸ್‌ಪೋರ್ಟಿನಲ್ಲಿರುವಂತೆಯೇ ಇರಬೇಕು. ಒಬ್ಬರ ಹೆಸರಿನಲ್ಲಿ ಮಾತ್ರ ಕೊಠಡಿ ಕಾಯ್ದಿರಿಸಿ, ಇನ್ನೊಬ್ಬರ ಅರ್ಜಿಗೆ ವಸತಿಯ ದಾಖಲೆಯೇ ಇಲ್ಲದಂತಾಗುವುದು ಗೆಳೆಯರು ಸಾಮಾನ್ಯವಾಗಿ ಮಾಡುವ ತಪ್ಪು.

ಪ್ರಯಾಣಕ್ಕೆ ಆರು ತಿಂಗಳು ಮೊದಲಿನಿಂದ ಅರ್ಜಿ ಹಾಕಬಹುದು, ಕಡೆಯ ಗಡುವು 15 ದಿನ ಮೊದಲು. ನಿರ್ಧಾರಕ್ಕೆ ಸಾಮಾನ್ಯವಾಗಿ 15 ದಿನ ಹಿಡಿಯುತ್ತದೆ, ಹೆಚ್ಚಿನ ಪರಿಶೀಲನೆ ಬೇಕಾದರೆ ಅದು 45 ದಿನಗಳವರೆಗೂ ಹೋಗಬಹುದು. ಪಾಸ್‌ಪೋರ್ಟ್ ಕಳೆದ ಹತ್ತು ವರ್ಷಗಳೊಳಗೆ ನೀಡಿದ್ದಾಗಿರಬೇಕು, ಅದರಲ್ಲಿ ಎರಡು ಖಾಲಿ ಪುಟಗಳಿರಬೇಕು ಮತ್ತು ನೀವು ಷೆಂಗೆನ್ ಪ್ರದೇಶವನ್ನು ಬಿಡುವ ದಿನದ ನಂತರವೂ ಮೂರು ತಿಂಗಳು ಅದರ ಅವಧಿ ಉಳಿದಿರಬೇಕು. ಕನಿಷ್ಠ 30,000 ಯೂರೊ ವೈದ್ಯಕೀಯ ವೆಚ್ಚ ಭರಿಸುವ ಪ್ರಯಾಣ ವಿಮೆ ಕಡ್ಡಾಯ. 2024ರ ಜೂನ್‌ನಿಂದ ವಯಸ್ಕರ ವೀಸಾ ಶುಲ್ಕ 90 ಯೂರೊ ಆಗಿದೆ, ಅರ್ಜಿ ಸ್ವೀಕರಿಸುವ ಕೇಂದ್ರದ ಸೇವಾ ಶುಲ್ಕ ಇದಕ್ಕೆ ಹೊರತು.

ಇಬ್ಬರಲ್ಲಿ ಒಬ್ಬರಿಗೆ ವೀಸಾ ಸಿಕ್ಕಿ ಇನ್ನೊಬ್ಬರಿಗೆ ತಡವಾದರೆ ಏನು ಮಾಡುವುದು ಎಂಬುದನ್ನು ಅರ್ಜಿ ಹಾಕುವ ಮೊದಲೇ ಮಾತನಾಡಿಕೊಳ್ಳಿ. ಒಬ್ಬರೇ ಹೋಗುವುದೋ, ದಿನಾಂಕ ಮುಂದೂಡುವುದೋ, ನಷ್ಟವಾದರೆ ಅದನ್ನು ಹೇಗೆ ಹಂಚಿಕೊಳ್ಳುವುದೋ ಎಂಬ ಮಾತು ಆಗ ಸುಲಭ, ಆಮೇಲೆ ಬಹಳ ಕಷ್ಟ.

ವಿಮಾನ ಬದಲಿಸುವ ನಿಲ್ದಾಣದಲ್ಲಿ ಎಷ್ಟು ಸಮಯ ಇಟ್ಟುಕೊಳ್ಳಬೇಕು?

ವಲಸೆ ತಪಾಸಣೆ ನಡೆಯುವುದು ನೀವು ಮೊದಲು ಕಾಲಿಡುವ ಷೆಂಗೆನ್ ವಿಮಾನ ನಿಲ್ದಾಣದಲ್ಲಿ. ಫ್ರಾಂಕ್‌ಫರ್ಟ್ ಮೂಲಕ ಹೋದರೆ ತಪಾಸಣೆ ಫ್ರಾಂಕ್‌ಫರ್ಟ್‌ನಲ್ಲಿ, ದುಬೈ ಮೂಲಕ ಹೋದರೆ ವಿಯೆನ್ನಾದಲ್ಲಿ. 2025ರ ಅಕ್ಟೋಬರ್ 12ರಿಂದ ಜಾರಿಗೆ ಬರತೊಡಗಿದ ಹೊಸ ಪ್ರವೇಶ ನಿರ್ಗಮನ ವ್ಯವಸ್ಥೆಯಡಿ ಯುರೋಪಿನ ಹೊರಗಿನ ಪ್ರಯಾಣಿಕರ ಪ್ರವೇಶ ವಿವರಗಳನ್ನು ಮುಖದ ಚಿತ್ರದೊಂದಿಗೆ ಗಣಕದಲ್ಲಿ ದಾಖಲಿಸುವುದರಿಂದ, ಮೊದಲ ಸಲ ಹೋಗುವವರಿಗೆ ಸರತಿಯಲ್ಲಿ ಹೆಚ್ಚು ಹೊತ್ತು ಬೇಕಾಗಬಹುದು. ಯುರೋಪಿನೊಳಗೆ ವಿಮಾನ ಬದಲಿಸುವುದಾದರೆ ಎರಡೂವರೆ ಗಂಟೆಗಿಂತ ಕಡಿಮೆ ಅಂತರವನ್ನು ನಾನು ಆರಿಸುವುದಿಲ್ಲ. ಮೂರು ದಿನಗಳ ಪ್ರವಾಸದಲ್ಲಿ ಒಂದು ವಿಮಾನ ತಪ್ಪಿದರೆ ಮೂರನೇ ಒಂದು ಭಾಗವೇ ಹೋದಂತೆ.

ಯಾವ ತಿಂಗಳು ಒಳ್ಳೆಯದು?

ಮೇ, ಜೂನ್, ಸೆಪ್ಟೆಂಬರ್ ಮತ್ತು ಅಕ್ಟೋಬರ್. ಜೂನ್‌ನಲ್ಲಿ ರಾತ್ರಿ ಒಂಬತ್ತರ ಹೊತ್ತಿಗೂ ಬೆಳಕಿರುತ್ತದೆ, ಡಿಸೆಂಬರ್‌ನಲ್ಲಿ ಸಂಜೆ ನಾಲ್ಕು ದಾಟುತ್ತಿದ್ದಂತೆ ಕತ್ತಲಾಗುತ್ತದೆ. ನವೆಂಬರ್ ಮಧ್ಯದಿಂದ ಕ್ರಿಸ್‌ಮಸ್‌ವರೆಗೆ ನಡೆಯುವ ಸಂತೆಗಳು ಸುಂದರವಾದರೂ ಆಗ ಜನಜಂಗುಳಿಯೂ ಕೊಠಡಿಯ ಬಾಡಿಗೆಯೂ ಏರಿರುತ್ತವೆ. ಜುಲೈ ಮತ್ತು ಆಗಸ್ಟ್‌ನಲ್ಲಿ ಸರ್ಕಾರಿ ಸಂಗೀತ ನಾಟಕ ಮಂದಿರಕ್ಕೆ ರಜೆ ಎಂಬುದನ್ನು ಸಂಗೀತಪ್ರಿಯರು ಗಮನಿಸಬೇಕು.

ನನ್ನ ಮತ್ತು ಗೆಳತಿಯ ಅಭಿರುಚಿಗಳು ಪೂರ್ತಿ ಬೇರೆ. ಯೋಜನೆ ಹೇಗೆ ಮಾಡುವುದು?

ಬೇರೆಲ್ಲ ಪ್ರಶ್ನೆಗಳಿಗಿಂತ ಇದು ಮುಖ್ಯವಾದುದು ಎಂದು ನಾನು ಭಾವಿಸುತ್ತೇನೆ. ಎಷ್ಟೋ ವರ್ಷಗಳ ಗೆಳೆತನವಿದ್ದರೂ, ಬೆಳಗಿನಿಂದ ರಾತ್ರಿಯವರೆಗೆ ಒಟ್ಟಿಗೇ ಇದ್ದು, ಪ್ರತಿ ಗಂಟೆಗೂ ಒಂದು ತೀರ್ಮಾನ ತೆಗೆದುಕೊಳ್ಳುವ ಸಂದರ್ಭ ಹೆಚ್ಚಿನವರಿಗೆ ಮೊದಲ ಬಾರಿ ಬರುವುದು ಇಂಥ ಪ್ರವಾಸದಲ್ಲಿಯೇ. ಮನೆಯಲ್ಲಿ ಒಬ್ಬರು ಬೆಳಿಗ್ಗೆ ಐದಕ್ಕೆ ಏಳುವುದೂ ಇನ್ನೊಬ್ಬರು ಒಂಬತ್ತಕ್ಕೆ ಏಳುವುದೂ ಯಾರಿಗೂ ತೊಂದರೆ ಕೊಡದು, ಒಂದೇ ಕೊಠಡಿಯಲ್ಲಿ ಅದು ಇಡೀ ದಿನದ ಯೋಜನೆಯನ್ನೇ ಅಲುಗಾಡಿಸುತ್ತದೆ.

ನಾವು ಮಾಡಿದ್ದು ಹೀಗೆ. ಹೊರಡುವ ಎರಡು ವಾರ ಮೊದಲು, ಒಬ್ಬರಿಗೊಬ್ಬರು ತೋರಿಸದೆ, ಈ ಪ್ರವಾಸದಲ್ಲಿ ಬಿಟ್ಟುಕೊಡಲಾರದ ಒಂದೇ ಒಂದು ಸಂಗತಿಯನ್ನು ಬರೆದೆವು. ನಾನು ಬರೆದದ್ದು ಸಂಗೀತ ನಾಟಕ ಮಂದಿರದಲ್ಲಿ ಒಂದು ಸಂಜೆ, ಅವಳು ಬರೆದದ್ದು ಕಲಾ ಇತಿಹಾಸ ಸಂಗ್ರಹಾಲಯದಲ್ಲಿರುವ, ಹದಿನಾರನೇ ಶತಮಾನದ ಚಿತ್ರಕಾರ ಬ್ರೂಗೆಲ್‌ನ ಚಿತ್ರಗಳು. ಈ ಎರಡನ್ನು ಮೊದಲು ದಿನಚರಿಯಲ್ಲಿ ಕೂರಿಸಿ, ಉಳಿದದ್ದೆಲ್ಲವನ್ನೂ ಅವುಗಳ ಸುತ್ತ ಸಡಿಲವಾಗಿ ಇಟ್ಟೆವು. ಪ್ರತಿ ದಿನಕ್ಕೆ ಮುಂಗಡ ಟಿಕೆಟ್ ಬೇಕಾಗುವ ಒಂದೇ ಸ್ಥಳ, ಅದಕ್ಕಿಂತ ಹೆಚ್ಚಿಲ್ಲ ಎಂಬುದು ನಮ್ಮ ಎರಡನೆಯ ಒಪ್ಪಂದ.

ಮೂರನೆಯದು, ಎರಡನೇ ದಿನ ಮಧ್ಯಾಹ್ನ ಬೇರೆ ಬೇರೆಯಾಗಿ ಕಳೆಯುವುದು. ಇದನ್ನು ಕೇಳಿದೊಡನೆ ಅನೇಕರು ಜಗಳವಾಯಿತೇ ಎಂದು ಕೇಳುತ್ತಾರೆ. ಆಗಲಿಲ್ಲ, ಆಗಬಾರದೆಂದೇ ಹೀಗೆ ಮಾಡಿದೆವು. ಆ ಸಂಗ್ರಹಾಲಯದಲ್ಲಿ ಬ್ರೂಗೆಲ್‌ನ ಹನ್ನೆರಡು ವರ್ಣಚಿತ್ರಗಳಿವೆ, ಜಗತ್ತಿನಲ್ಲಿ ಬೇರೆಲ್ಲಿಯೂ ಅವನ ಇಷ್ಟು ಚಿತ್ರಗಳು ಒಂದೆಡೆ ಇಲ್ಲ. 1563ರ ಬಾಬೆಲ್ ಗೋಪುರ ಮತ್ತು 1565ರ ಹಿಮದಲ್ಲಿ ಬೇಟೆಗಾರರು ಎಂಬ ಎರಡರ ಮುಂದೆಯೇ ಅವಳು ಎರಡು ಗಂಟೆ ನಿಂತಳಂತೆ. ನಾನು ಪಕ್ಕದಲ್ಲಿದ್ದಿದ್ದರೆ ಅವಳು ನನಗಾಗಿ ಅರ್ಧ ಗಂಟೆಗೇ ಹೊರಬರುತ್ತಿದ್ದಳು, ನನಗೆ ಆ ಅರ್ಧ ಗಂಟೆಯೂ ದೀರ್ಘವೆನಿಸುತ್ತಿತ್ತು. ಆ ಹೊತ್ತಿನಲ್ಲಿ ನಾನು 71ನೇ ಸಂಖ್ಯೆಯ ಟ್ರಾಮ್ ಹಿಡಿದು ಕೇಂದ್ರ ಸ್ಮಶಾನಕ್ಕೆ ಹೋಗಿ, ಸಂಗೀತ ರಚನೆಕಾರರಾದ ಬೀಥೋವೆನ್, ಶೂಬರ್ಟ್ ಮತ್ತು ಬ್ರಾಮ್ಸ್ ಸಮಾಧಿಗಳ ನಡುವೆ ಉದುರಿದ ಎಲೆಗಳ ಮೇಲೆ ನಡೆದಾಡಿ ಬಂದೆ. ಸಂಜೆ ಮತ್ತೆ ಭೇಟಿಯಾದಾಗ ಒಬ್ಬರಿಗೊಬ್ಬರು ಹೇಳಿಕೊಳ್ಳಲು ಎಷ್ಟೊಂದಿತ್ತು!

ಬೇರ್ಪಡುವ ಮೊದಲು ಮತ್ತೆ ಸೇರುವ ಸ್ಥಳ ಮತ್ತು ಸಮಯ ಖಚಿತವಾಗಿರಲಿ, ಫೋನಿನ ಬ್ಯಾಟರಿ ಮುಗಿದರೂ ತಲುಪಬಹುದಾದ ಜಾಗ ಅದಾಗಿರಲಿ. ನಾವು ಆರಿಸಿದ್ದು ಎರಡು ಸಂಗ್ರಹಾಲಯಗಳ ನಡುವಿನ ಚೌಕದಲ್ಲಿರುವ ಮರಿಯಾ ತೆರೇಸಾ ರಾಣಿಯ ಪ್ರತಿಮೆಯ ಬುಡವನ್ನು.

ಕೊಠಡಿ ಆರಿಸುವಾಗ ಏನನ್ನು ನೋಡಬೇಕು?

ಮೊದಲಿಗೆ ಹಾಸಿಗೆಯನ್ನು. ಆಸ್ಟ್ರಿಯಾದಲ್ಲಿ ಇಬ್ಬರ ಕೊಠಡಿ ಎಂದರೆ ಅನೇಕ ಕಡೆ ಒಂದೇ ಚೌಕಟ್ಟಿನಲ್ಲಿ ಎರಡು ಹಾಸಿಗೆ, ಎರಡು ಪ್ರತ್ಯೇಕ ಹೊದಿಕೆ. ಬಿಡಿ ಮಂಚಗಳೇ ಬೇಕಿದ್ದರೆ ಕಾಯ್ದಿರಿಸುವಾಗ ಸ್ಪಷ್ಟವಾಗಿ ಬರೆದು ಕೇಳಬೇಕು. ಸ್ಥಳದ ವಿಷಯದಲ್ಲಿ, ರಿಂಗ್ ಬೀದಿಯ ಒಳಗೇ ಇರಬೇಕೆಂಬ ಹಟ ಬೇಡ. ಮೆಟ್ರೊ ನಿಲ್ದಾಣಕ್ಕೆ ಐದು ನಿಮಿಷದ ನಡಿಗೆಯಿರುವ ಯಾವುದೇ ಬಡಾವಣೆ ಸಾಕು. ನಾವಿದ್ದದ್ದು ಮುಖ್ಯ ರೈಲು ನಿಲ್ದಾಣದ ಹತ್ತಿರ, ಬಂದ ದಿನವೂ ಹೊರಟ ದಿನವೂ ಅದು ಅನುಕೂಲವಾಯಿತು.

ವಿಮಾನ ನಿಲ್ದಾಣದಿಂದ ನಗರಕ್ಕೆ ಮತ್ತು ನಗರದೊಳಗೆ ಓಡಾಡುವುದು ಹೇಗೆ?

ನಗರದ ಆಗ್ನೇಯಕ್ಕೆ ಸುಮಾರು 18 ಕಿಲೋಮೀಟರ್ ದೂರದ ಶ್ವೇಖಾಟ್‌ನಲ್ಲಿ ವಿಮಾನ ನಿಲ್ದಾಣವಿದೆ. ಅಲ್ಲಿಂದ ಎಸ್-7 ಎಂಬ ಸಾಮಾನ್ಯ ರೈಲು, ಮುಖ್ಯ ನಿಲ್ದಾಣಕ್ಕೆ ಹೋಗುವ ದೂರದ ರೈಲುಗಳು, ಮತ್ತು ಸಿಟಿ ಏರ್‌ಪೋರ್ಟ್ ಟ್ರೇನ್ ಎಂಬ ವಿಶೇಷ ರೈಲು ಇವೆ. ವಿಶೇಷ ರೈಲಿಗೆ ಬೇರೆಯೇ ಟಿಕೆಟ್ ಬೇಕು, ಬೆಲೆಯೂ ಹೆಚ್ಚು. ಉಳಿಸುವುದು ಕೆಲವೇ ನಿಮಿಷವಾದ್ದರಿಂದ ನಾನು ಅದನ್ನು ಶಿಫಾರಸು ಮಾಡುವುದಿಲ್ಲ. ನಗರದ ದಿನದ ಟಿಕೆಟ್ ಕೇಂದ್ರ ವಲಯಕ್ಕೆ ಮಾತ್ರ ಅನ್ವಯಿಸುತ್ತದೆ, ವಿಮಾನ ನಿಲ್ದಾಣ ಆ ವಲಯದ ಹೊರಗಿರುವುದರಿಂದ ಹೆಚ್ಚುವರಿ ಟಿಕೆಟ್ ಬೇಕಾಗುತ್ತದೆ. ಹೊಸಬರು ದಂಡಕ್ಕೆ ಸಿಕ್ಕಿಬೀಳುವುದು ಹೆಚ್ಚಾಗಿ ಇಲ್ಲಿಯೇ.

ಮೆಟ್ರೊ ಪ್ರವೇಶದಲ್ಲಿ ತಡೆಗೇಟುಗಳಿಲ್ಲ. ಕಾಗದದ ಟಿಕೆಟನ್ನು ಪ್ರವೇಶದ ಬಳಿಯ ನೀಲಿ ಪೆಟ್ಟಿಗೆಯಲ್ಲಿ ಮುದ್ರೆ ಒತ್ತಿಸದೆ ಪ್ರಯಾಣಿಸಿದರೆ, ಹಣ ಕೊಟ್ಟು ಕೊಂಡ ಟಿಕೆಟಾದರೂ ಅದು ಅಮಾನ್ಯ. ತಪಾಸಕರು ಸಾಮಾನ್ಯ ಉಡುಪಿನಲ್ಲಿಯೂ ಬರುತ್ತಾರೆ. ಮಾರ್ಗಗಳ ಸಂಖ್ಯೆ 1, 2, 3, 4 ಮತ್ತು 6 ಎಂದಿರುವುದನ್ನು ಕಂಡು ನಕಾಶೆಯಲ್ಲಿ ಐದನ್ನು ಹುಡುಕಬೇಡಿ, ಐದನೆಯದರ ನಿರ್ಮಾಣ ಈಗ ನಡೆಯುತ್ತಿದೆ. ರಿಂಗ್ ಬೀದಿಯನ್ನು ಟ್ರಾಮ್‌ನಲ್ಲಿ ಸುತ್ತಬೇಕೆಂದರೆ 1 ಮತ್ತು 2 ಸಂಖ್ಯೆಯವುಗಳ ನಡುವೆ ಬದಲಿಸಬೇಕು, ಏಕೆಂದರೆ 2008ರಿಂದ ಯಾವುದೊಂದೂ ಪೂರ್ತಿ ಸುತ್ತುವುದಿಲ್ಲ.

ಯಾವ ವಾರಗಳಲ್ಲಿ ಏನು ಮುಚ್ಚಿರುತ್ತದೆ?

ಭಾನುವಾರ ಅಂಗಡಿಗಳೆಲ್ಲ ಮುಚ್ಚಿರುತ್ತವೆ, ಶನಿವಾರವೂ ಸಂಜೆ ಆರಕ್ಕೇ ಬಾಗಿಲು ಹಾಕುತ್ತವೆ. ಭಾನುವಾರ ಹಾಲು, ಬ್ರೆಡ್ಡು, ಹಣ್ಣು ಬೇಕಾದರೆ ದೊಡ್ಡ ರೈಲು ನಿಲ್ದಾಣಗಳೊಳಗಿನ ಅಂಗಡಿಗಳೇ ಗತಿ. ಕಲಾ ಇತಿಹಾಸ ಸಂಗ್ರಹಾಲಯಕ್ಕೆ ವರ್ಷದ ಬಹುಪಾಲು ಸೋಮವಾರ ರಜೆ, ಅದರ ಎದುರಿಗೆ ಅವಳಿಯಂತೆ ನಿಂತಿರುವ ಪ್ರಕೃತಿ ಇತಿಹಾಸ ಸಂಗ್ರಹಾಲಯಕ್ಕೆ ಸಾಮಾನ್ಯವಾಗಿ ಮಂಗಳವಾರ. ಗುರುವಾರ ಮಾತ್ರ ಕಲಾ ಸಂಗ್ರಹಾಲಯ ರಾತ್ರಿ ಒಂಬತ್ತರವರೆಗೆ ತೆರೆದಿರುತ್ತದೆ, ಆ ಸಂಜೆಯ ಹೊತ್ತು ಅಲ್ಲಿ ಜನ ಕಡಿಮೆ. ವಿಮಾನದ ಟಿಕೆಟ್ ಕೊಳ್ಳುವ ಮುನ್ನವೇ ಈ ವಾರಗಳ ಲೆಕ್ಕ ಹಾಕಿಕೊಂಡರೆ ಒಳ್ಳೆಯದು.

ಶೋನ್‌ಬ್ರುನ್ ಅರಮನೆ ಮತ್ತು ಬೆಲ್ವೆಡೇರ್, ಎರಡರಲ್ಲಿ ಒಂದನ್ನೇ ನೋಡಲು ಸಾಧ್ಯವಾದರೆ?

ನನ್ನ ಆಯ್ಕೆ ಬೆಲ್ವೆಡೇರ್. ಮೇಲಿನದು, ಕೆಳಗಿನದು ಎಂದು ಎರಡು ಅರಮನೆಗಳಿರುವ ಅಲ್ಲಿ, ಮೇಲಿನ ಅರಮನೆಯಲ್ಲಿ ಗುಸ್ಟಾವ್ ಕ್ಲಿಮ್ಟ್‌ನ ಚುಂಬನ ಎಂಬ ಚಿತ್ರವಿದೆ. ನೂರಾರು ಸಲ ಅಚ್ಚಿನಲ್ಲಿ ನೋಡಿದ್ದವರಿಗೂ, ಅದರ ಮೇಲಿನ ಬಂಗಾರದ ರೇಕು ಬೆಳಕಿಗೆ ತಕ್ಕಂತೆ ಬದಲಾಗುವುದನ್ನು ಎದುರು ನಿಂತು ಕಾಣುವ ಅನುಭವ ಬೇರೆಯೇ. ಎರಡು ಗಂಟೆಯಲ್ಲಿ ನೋಡಿ ಮುಗಿಸಬಹುದು.

ಶೋನ್‌ಬ್ರುನ್‌ಗೆ ಅರ್ಧ ದಿನವಾದರೂ ಬೇಕು. 1441 ಕೊಠಡಿಗಳ ಆ ಅರಮನೆಯಲ್ಲಿ ಸುಮಾರು 40 ಮಾತ್ರ ಸಂದರ್ಶಕರಿಗೆ ತೆರೆದಿವೆ, ಟಿಕೆಟ್ಟಿನಲ್ಲಿ ನಮೂದಿಸಿದ ಹೊತ್ತಿಗೇ ಒಳಗೆ ಹೋಗಬೇಕು. ಆರು ವರ್ಷದ ಬಾಲಕ ಮೊಜಾರ್ಟ್ 1762ರಲ್ಲಿ ಮರಿಯಾ ತೆರೇಸಾಳ ಮುಂದೆ ವಾದ್ಯ ನುಡಿಸಿದ್ದು ಈ ಅರಮನೆಯಲ್ಲಿಯೇ. ಆದರೆ ಅರಮನೆಯ ಉದ್ಯಾನಕ್ಕೆ ಪ್ರವೇಶ ಉಚಿತ ಮತ್ತು ಅದು ಬೆಳಗ್ಗೆ ಬೇಗನೆ ತೆರೆಯುತ್ತದೆ ಎಂಬುದನ್ನು ಅನೇಕರು ಅರಿಯರು. ಗೆಳತಿ ಇನ್ನೂ ಮಲಗಿರುವಾಗ ಎಚ್ಚರವಾಗುವವರು ನಾಲ್ಕನೇ ಮೆಟ್ರೊ ಮಾರ್ಗ ಹಿಡಿದು ಬಂದು, ಗುಡ್ಡದ ಮೇಲಿನ ಗ್ಲೋರಿಯೆಟ್ ಮಂಟಪದವರೆಗೆ ಹತ್ತಿ, ಊರು ಎಚ್ಚೆತ್ತುಕೊಳ್ಳುವುದನ್ನು ನೋಡಿ, ತಿಂಡಿಯ ಹೊತ್ತಿಗೆ ಹಿಂದಿರುಗಬಹುದು.

ಎತ್ತರದಿಂದ ನಗರವನ್ನು ನೋಡಬೇಕೆನ್ನುವವರಿಗೆ ಸಂತ ಸ್ಟೀಫನ್ನನ ಪ್ರಧಾನ ಇಗರ್ಜಿಯಿದೆ. 136 ಮೀಟರ್ ಎತ್ತರದ ದಕ್ಷಿಣ ಗೋಪುರಕ್ಕೆ 343 ಮೆಟ್ಟಿಲುಗಳನ್ನು ಕಿರಿದಾದ ಸುರುಳಿಯಲ್ಲಿ ಹತ್ತಬೇಕು, ಅಪೂರ್ಣವಾಗಿಯೇ ಉಳಿದ ಉತ್ತರ ಗೋಪುರಕ್ಕೆ ಲಿಫ್ಟ್ ಇದೆ. ಮೊಣಕಾಲು ನೋವಿರುವ ಗೆಳತಿಯನ್ನು ಮೆಟ್ಟಿಲುಗಳಿಗೆ ಒತ್ತಾಯಿಸಬೇಡಿ.

ಸಂಗೀತ ನಾಟಕ ಮಂದಿರದ ಟಿಕೆಟ್ ದುಬಾರಿಯಲ್ಲವೇ?

ಕುರ್ಚಿಗಳು ದುಬಾರಿ, ನಿಲ್ಲುವ ಸ್ಥಳಗಳು ಅಲ್ಲ. 1869ರಲ್ಲಿ ಆರಂಭವಾಗಿ, 1945ರ ಬಾಂಬ್ ದಾಳಿಯಲ್ಲಿ ಸುಟ್ಟು, 1955ರಲ್ಲಿ ಮತ್ತೆ ತೆರೆದ ಈ ಮಂದಿರದಲ್ಲಿ ನಿಂತು ನೋಡುವವರಿಗೆಂದೇ ನೂರಾರು ಸ್ಥಳಗಳನ್ನು ಕಾಯ್ದಿರಿಸಿ ಕಡಿಮೆ ಬೆಲೆಗೆ ಮಾರುತ್ತಾರೆ. ಒಳಗೆ ಹೋದ ಮೇಲೆ ಕಂಬಿಗೆ ಸ್ಕಾರ್ಫ್ ಕಟ್ಟಿ ಜಾಗ ಗುರುತು ಮಾಡುವುದು ಅಲ್ಲಿನ ಹಳೆಯ ಪದ್ಧತಿ, ಆ ಗುರುತನ್ನು ಎಲ್ಲರೂ ಗೌರವಿಸುತ್ತಾರೆ. ಎದುರಿನ ಪುಟ್ಟ ಪರದೆಯಲ್ಲಿ ಹಾಡಿನ ಅರ್ಥ ಇಂಗ್ಲಿಷಿನಲ್ಲಿಯೂ ಬರುವುದರಿಂದ ಭಾಷೆ ಬಾರದಿದ್ದರೂ ಕಥೆ ತಿಳಿಯುತ್ತದೆ. ಸಂಗೀತದ ಒಲವಿಲ್ಲದ ನನ್ನ ಗೆಳತಿ ಮೊದಲ ಅಂಕ ಮುಗಿದ ಮೇಲೆ ಹೊರಡುವುದೆಂದು ಒಪ್ಪಿಕೊಂಡು ಬಂದವಳು ಕೊನೆಯವರೆಗೂ ನಿಂತಳು. ಮಧ್ಯಂತರದಲ್ಲಿ ಹೊರಟಿದ್ದರೂ ಅದು ನ್ಯಾಯವೇ ಆಗಿರುತ್ತಿತ್ತು, ಏಕೆಂದರೆ ಮೂರು ಗಂಟೆ ನಿಲ್ಲುವುದು ಸಣ್ಣ ಮಾತಲ್ಲ.

ಖರ್ಚನ್ನು ಹೇಗೆ ಹಂಚಿಕೊಳ್ಳುವುದು?

ಹೋಟೆಲಿನಲ್ಲಿ ಬಿಲ್ ಕೇಳಿದಾಗ ಪರಿಚಾರಕರು ಸಾಮಾನ್ಯವಾಗಿ ಕೇಳುವ ಪ್ರಶ್ನೆ, ಟ್ಸುಸಾಮೆನ್ ಓಡರ್ ಗೆಟ್ರೆನ್ಟ್, ಅಂದರೆ ಒಟ್ಟಿಗೋ ಬೇರೆಬೇರೆಯೋ ಎಂದು. ಬೇರೆಬೇರೆ ಎಂದರೆ ಯಾರೂ ಬೇಸರಪಡುವುದಿಲ್ಲ, ಅವರವರು ತಿಂದದ್ದನ್ನು ಲೆಕ್ಕ ಹಾಕಿ ಹಣ ಪಡೆಯುತ್ತಾರೆ. ಟಿಪ್ಸ್ ಅನ್ನು ಮೇಜಿನ ಮೇಲೆ ಬಿಟ್ಟು ಹೋಗುವುದಕ್ಕಿಂತ, ಐದರಿಂದ ಹತ್ತು ಶೇಕಡ ಸೇರಿಸಿ ಒಟ್ಟು ಮೊತ್ತವನ್ನು ಹಣ ಕೊಡುವಾಗಲೇ ಹೇಳುವುದು ಅಲ್ಲಿನ ಕ್ರಮ.

ಕೊಠಡಿ, ಟ್ರಾಮ್ ಟಿಕೆಟ್, ಒಟ್ಟಿಗೆ ಕೊಂಡ ತಿನಿಸು ಇವುಗಳಿಗೆ ನಾವು ಒಂದು ಸಣ್ಣ ಚೀಲ ಇಟ್ಟುಕೊಂಡು, ಇಬ್ಬರೂ ಸಮನಾಗಿ ಹಾಕಿದ ಯೂರೊಗಳಿಂದ ಖರ್ಚು ಮಾಡಿದೆವು. ಚೀಲ ಖಾಲಿಯಾದಾಗ ಮತ್ತೆ ಸಮನಾಗಿ ಹಾಕುವುದು. ಯಾರು ಯಾರಿಗೆ ಎಷ್ಟು ಕೊಡಬೇಕೆಂಬ ಮಾತೇ ಬರಲಿಲ್ಲ. ಇಬ್ಬರ ಆದಾಯ ಒಂದೇ ಮಟ್ಟದಲ್ಲಿಲ್ಲದಿದ್ದರೆ, ಕಡಿಮೆ ಇರುವವರು ದಿನಕ್ಕೆ ಎಷ್ಟು ಖರ್ಚು ಮಾಡಬಲ್ಲರು ಎಂಬುದರಿಂದಲೇ ಯೋಜನೆ ಆರಂಭವಾಗಲಿ.

ಎಟಿಎಂ ಅಥವಾ ಕಾರ್ಡ್ ಯಂತ್ರ ನಿಮ್ಮ ದೇಶದ ಹಣದಲ್ಲಿ ಪಾವತಿಸುತ್ತೀರಾ ಎಂದು ಕೇಳಿದರೆ ಬೇಡವೆಂದು ಯೂರೊವನ್ನೇ ಆರಿಸಿ, ಆ ಪರಿವರ್ತನೆಯ ದರ ಸಾಮಾನ್ಯವಾಗಿ ನಿಮಗೆ ನಷ್ಟದ್ದು.

ಒಬ್ಬರು ಸಸ್ಯಾಹಾರಿಯಾದರೆ ಊಟದ ಪಾಡೇನು?

ತೊಂದರೆಯಿಲ್ಲ, ಎಚ್ಚರ ಬೇಕು. ತರಕಾರಿ ಸಾರೆಂದು ಕಾಣುವುದು ಗೋಮಾಂಸದ ರಸದಿಂದ ಮಾಡಿದ್ದಾಗಿರಬಹುದು, ಮಾಂಸವಿಲ್ಲ ಎಂದ ಖಾದ್ಯದಲ್ಲಿ ಹಂದಿಯ ಸಣ್ಣ ತುಣುಕುಗಳಿರಬಹುದು. ಆದ್ದರಿಂದ ಸಸ್ಯಾಹಾರಿ ಎಂಬರ್ಥದ ವೆಗೆಟಾರಿಷ್ ಎಂಬ ಪದವನ್ನೇ ಬಳಸಿ ಕೇಳಬೇಕು. ಗಿಣ್ಣು (ಚೀಸ್) ಹಾಕಿದ ಸ್ಪೆಟ್ಸ್ಲ ಎಂಬ ಗಿಡ್ಡ ಶಾವಿಗೆಯಂಥ ತಿನಿಸು, ಸೇಬು ತುಂಬಿದ ಸ್ಟ್ರೂಡೆಲ್ ಎಂಬ ಸುರುಳಿ ಸಿಹಿತಿಂಡಿ ಎಲ್ಲೆಡೆ ಸಿಗುತ್ತವೆ, ಆದರೆ ಸ್ಪೆಟ್ಸ್ಲದ ಹಿಟ್ಟಿಗೆ ಮೊಟ್ಟೆ ಹಾಕಿರುತ್ತಾರೆ. ಮೊಟ್ಟೆಯೂ ಬೇಡವೆನ್ನುವವರಿಗೆ ನಾಷ್‌ಮಾರ್ಕ್ಟ್ ಎಂಬ ಬಯಲು ಮಾರುಕಟ್ಟೆಯಲ್ಲಿ ಕಡಲೆ ವಡೆಯಂಥ ಫಲಾಫೆಲ್, ಆಲಿವ್, ಹಣ್ಣುಗಳು ಯಥೇಚ್ಛವಾಗಿವೆ. ಅದಕ್ಕೂ ಭಾನುವಾರ ರಜೆ.

ನೀರು ಕೊಳ್ಳಬೇಡಿ. 1873 ಮತ್ತು 1910ರಲ್ಲಿ ನಿರ್ಮಿಸಿದ ಎರಡು ಉದ್ದ ಕಾಲುವೆಗಳ ಮೂಲಕ ಆಲ್ಪ್ಸ್ ಪರ್ವತದ ಚಿಲುಮೆಯ ನೀರು ತನ್ನದೇ ಇಳಿಜಾರಿನಲ್ಲಿ ಹರಿದು ನಗರದ ನಲ್ಲಿಗಳಿಗೆ ಬರುತ್ತದೆ. ಕಾಫಿ ಮನೆಗಳಲ್ಲಿ ಬೆಳ್ಳಿಯ ಬಣ್ಣದ ತಟ್ಟೆಯಲ್ಲಿ ಕಾಫಿಯ ಜೊತೆ ಇಡುವ ಲೋಟದ ನೀರೂ ಅದೇ. ಒಂದೇ ಕಾಫಿ ತರಿಸಿ ಎಷ್ಟು ಹೊತ್ತು ಕುಳಿತರೂ ಎಬ್ಬಿಸುವುದಿಲ್ಲ ಎಂಬುದು ಈ ಮನೆಗಳ ಹಿರಿಮೆ. ಮಳೆ ಬಂದ ಎರಡನೇ ಬೆಳಗನ್ನು ನಾವು ಹಾಗೆಯೇ ಕಳೆದೆವು, ನೋಡಬೇಕೆಂದಿದ್ದ ಎರಡು ಸ್ಥಳಗಳು ಆ ದಿನ ತಪ್ಪಿಹೋದವು, ಅದಕ್ಕಾಗಿ ಇಬ್ಬರಿಗೂ ವಿಷಾದವಿಲ್ಲ.

ಇಬ್ಬರು ಮಹಿಳೆಯರು ರಾತ್ರಿ ಓಡಾಡುವುದು ಸುರಕ್ಷಿತವೇ?

ನಮಗೆ ಎಲ್ಲಿಯೂ ಅಂಜಿಕೆಯಾಗಲಿಲ್ಲ. ಶುಕ್ರವಾರ ಮತ್ತು ಶನಿವಾರದ ರಾತ್ರಿಗಳಲ್ಲಿ ಮೆಟ್ರೊ ಇಡೀ ರಾತ್ರಿ ಓಡುತ್ತದೆ, ಉಳಿದ ದಿನ ನಡುರಾತ್ರಿಯ ನಂತರ ರಾತ್ರಿ ಬಸ್ಸುಗಳಿವೆ. ಜನದಟ್ಟಣೆಯ ಟ್ರಾಮ್ ಮತ್ತು ನಿಲ್ದಾಣಗಳಲ್ಲಿ ಕಿಸೆಗಳ್ಳರ ಬಗ್ಗೆ ಎಚ್ಚರ ಬೇಕು, ಇಬ್ಬರ ಪಾಸ್‌ಪೋರ್ಟ್‌ಗಳನ್ನೂ ಒಂದೇ ಚೀಲದಲ್ಲಿ ಇಡಬೇಡಿ. ತುರ್ತು ಕರೆಗೆ 112, ಆಂಬುಲೆನ್ಸ್‌ಗೆ 144, ಪೊಲೀಸರಿಗೆ 133. ರಾತ್ರಿ ತೆರೆದಿರುವ ಔಷಧಿ ಅಂಗಡಿ ಯಾವುದೆಂದು ತಿಳಿಯಲು 1455.

ಕೆಂಪು ದೀಪವಿರುವಾಗ ರಸ್ತೆ ದಾಟಿದರೆ ದಂಡ ಬೀಳುತ್ತದೆ, ಸೈಕಲ್ ಹಾದಿಯಲ್ಲಿ ನಡೆದರೆ ಬೈಗುಳ ಬೀಳುತ್ತದೆ. ಪಾದಚಾರಿ ದೀಪಗಳಲ್ಲಿ ಕೆಲವು ಕಡೆ ಒಂಟಿ ವ್ಯಕ್ತಿಯ ಬದಲು ಜೋಡಿಗಳ ಚಿತ್ರವಿದೆ. 2015ರಲ್ಲಿ ಅಳವಡಿಸಿದ ಈ ದೀಪಗಳಲ್ಲಿ ಇಬ್ಬರು ಹೆಂಗಸರು ಕೈ ಹಿಡಿದು ನಿಂತ ಚಿತ್ರವನ್ನು ಕಂಡಾಗಲೆಲ್ಲ ನನ್ನ ಗೆಳತಿ ನನ್ನ ಕೈ ಹಿಡಿದೇ ದಾಟಿಸಿದಳು.

ಹತ್ತಿರದ ಬ್ರಾಟಿಸ್ಲಾವಾಕ್ಕೂ ಹೋಗಿ ಬರಬಹುದೇ?

ರೈಲಿನಲ್ಲಿ ಸುಮಾರು ಒಂದು ಗಂಟೆ. ಸ್ಲೊವಾಕಿಯಾವೂ ಷೆಂಗೆನ್ ಪ್ರದೇಶದಲ್ಲಿದೆ, ಅಲ್ಲಿಯೂ ಯೂರೊ ನಡೆಯುತ್ತದೆ, ಆದ್ದರಿಂದ ಸಾಧ್ಯ. ಮೂರೇ ದಿನಗಳಿದ್ದರೆ ಬೇಡ ಎನ್ನುತ್ತೇನೆ. ನಗರದ ಗದ್ದಲದಿಂದ ದೂರವಾಗಬೇಕೆನಿಸಿದರೆ ಹೈಲಿಗೆನ್‌ಸ್ಟಾಟ್ ಮೆಟ್ರೊ ನಿಲ್ದಾಣದಿಂದ 38ಎ ಬಸ್ ಹತ್ತಿ 484 ಮೀಟರ್ ಎತ್ತರದ ಕಾಲೆನ್‌ಬೆರ್ಗ್ ಬೆಟ್ಟಕ್ಕೆ ಹೋಗಿ. ನಗರದ ಟಿಕೆಟ್ಟೇ ಅಲ್ಲಿಗೂ ಸಾಕು. ಮೇಲಿಂದ ಡ್ಯಾನ್ಯೂಬ್ ನದಿ ಕಾಣುತ್ತದೆ, ಇಳಿಯುವಾಗ ದ್ರಾಕ್ಷಿ ತೋಟಗಳ ನಡುವೆ ನಡೆದು ಬರಬಹುದು.

ಕೊನೆಯ ದಿನ ವಿಮಾನ ಸಂಜೆಗಿದ್ದರೆ ಸಾಮಾನು ಎಲ್ಲಿಡುವುದು?

ಕೊಠಡಿ ಬಿಟ್ಟ ಮೇಲೂ ಹೋಟೆಲಿನವರು ಸಾಮಾನ್ಯವಾಗಿ ಚೀಲಗಳನ್ನು ಇಟ್ಟುಕೊಳ್ಳುತ್ತಾರೆ. ಇಲ್ಲವಾದರೆ ಮುಖ್ಯ ರೈಲು ನಿಲ್ದಾಣದಲ್ಲಿ ಬೀಗದ ಪೆಟ್ಟಿಗೆಗಳಿವೆ, ಇಬ್ಬರ ಕೈಚೀಲಗಳು ಒಂದು ದೊಡ್ಡ ಪೆಟ್ಟಿಗೆಯಲ್ಲಿ ಹಿಡಿಯುತ್ತವೆ. ಪವರ್ ಬ್ಯಾಂಕನ್ನು ಒಪ್ಪಿಸುವ ಸಾಮಾನಿನಲ್ಲಿ ಇಡಬೇಡಿ, ಅದು ಕೈಚೀಲದಲ್ಲಿಯೇ ಬರಬೇಕು. ಕೊನೆಯ ಬೆಳಗಿಗೆ ಮುಂಗಡ ಟಿಕೆಟ್ಟಿನ ಯಾವ ಸ್ಥಳವನ್ನೂ ಇಟ್ಟುಕೊಳ್ಳದೆ, ಮೊದಲ ದಿನ ಇಬ್ಬರಿಗೂ ಇಷ್ಟವಾದ ಬೀದಿಗೆ ಮತ್ತೊಮ್ಮೆ ಹೋಗಿ. ನಾವು ಹೋದದ್ದು ಮಳೆಯ ದಿನ ಕುಳಿತಿದ್ದ ಅದೇ ಕಾಫಿ ಮನೆಗೆ, ಸಿಕ್ಕಿದ್ದು ಕಿಟಕಿಯ ಪಕ್ಕದ ಅದೇ ಮೇಜು.